ಬಾಯಲ್ಲಿ ಅರಳಿದ ಹತ್ತಿ: ಸೇಡಂ ಕಡೆಯ ಒಂದು ಕೃಷಿ ಹೊಂಡದ ಪ್ರಕರಣ

ಮಾರ್ಚ್ ಕೊನೆಯ ವಾರದ ಬುಧವಾರ, ಬೆಳಿಗ್ಗೆ ಫೋನಿಗೆ ಒಂದು ಫೋಟೋ ಬಂತು. ಅಂಗೈ ಮೇಲೆ ಅರ್ಧ ಕೆ.ಜಿ.ಯಷ್ಟಿರುವ ಕಾಟ್ಲಾ ಮೀನು, ಅದರ ತುಟಿಯ ಸುತ್ತ ಮಾಸಲು ಬಿಳಿಯದೇನೋ ಮೆತ್ತಿಕೊಂಡಿದೆ. ಫೋಟೋದ ಹಿಂದೆಯೇ ಹೊಂಡದ ಮಾಲೀಕ ಕಾಕಾ ಅವರ ಕರೆ.

"ಸರ, ಮೀನಿನ ಬಾಯಾಗ ಹತ್ತಿ ಅರಳ್ಯಾದ ನೋಡ್ರಿ. ಎರಡು ಸತ್ತಾವ. ಏನ್ ಹಾಕಾದ್ರಿ?"

ನಾನು ಬಸ್ಸಿನಲ್ಲಿ ನಿಂತಿದ್ದೆ. ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿ, "ಬೂಸ್ಟು ಕಾಕಾ. ಹತ್ತು ಕೆ.ಜಿ. ಸುಣ್ಣ ಕಲಸಿ ಚೆಲ್ರಿ, ಎರಡು ಕೆ.ಜಿ. ಉಪ್ಪೂ ಹಾಕ್ರಿ. ಎರಡು ದಿನ ಬಿಟ್ಟು ನೋಡಮು" ಅಂದೆ. ಇಷ್ಟು ಚಿಕ್ಕ ಮಾತಿನಲ್ಲಿ ನಾಲ್ಕು ತಪ್ಪುಗಳಿದ್ದವು. ಕೆಳಗಿನದು ಬಹುಪಾಲು ಅವುಗಳ ಲೆಕ್ಕ.

ಶುಕ್ರವಾರ ಸಂಜೆ ಮತ್ತೆ ಕರೆ ಬಂತು. ದನಿ ಇಳಿದಿತ್ತು. "ಸುಣ್ಣ ಹಾಕಿದ ಮ್ಯಾಲ ಜಾಸ್ತಿ ಆಗ್ಯಾದ್ರಿ ಸರ. ಇವತ್ತ ಒಂದ ದಿನಾನೇ ಹನ್ನೊಂದು." ಗುರುವಾರ ನಾಲ್ಕು ಸತ್ತಿದ್ದನ್ನು ಅವರು ಹೇಳಿಯೇ ಇರಲಿಲ್ಲ. ಎರಡು ದಿನ ನೋಡೋಣ ಅಂದವನು ನಾನೇ, ಅವರು ನೋಡುತ್ತ ಕೂತಿದ್ದರು.

ಹೊಂಡ ಮತ್ತು ಅದರ ನೀರು

ಹೊಂಡ ಇರುವುದು ಸೇಡಂ ತಾಲ್ಲೂಕಿನ ಒಂದು ತೊಗರಿ ಹೊಲದ ಮೂಲೆಯಲ್ಲಿ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ನಂತರ ಈ ಭಾಗದಲ್ಲಿ ಇಂಥವು ಬಹಳ ಆಗಿವೆ. ಮೇಲೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ, ಇಳಿಜಾರು ದಂಡೆ, ಒಳಗೆ ಪ್ಲಾಸ್ಟಿಕ್ ಹಾಳೆ. ಹೊಂಡದ ಮೊದಲ ಕೆಲಸ ಮಳೆ ಕೈಕೊಟ್ಟಾಗ ಬೆಳೆಗೆ ಒಂದೆರಡು ನೀರು ಕೊಡುವುದು, ಮೀನು ಏನಿದ್ದರೂ ಆಮೇಲೆ. ಔಷಧಿ ಹೇಳುವವರು ಇದನ್ನು ಮರೆಯುತ್ತಾರೆ. ಮೀನಿಗೆ ಹಾಕಿದ್ದೆಲ್ಲ ನಾಳೆ ಬದನೆ ಗಿಡದ ಬುಡಕ್ಕೆ ಹೋಗುತ್ತದೆ.

ಆಗಸ್ಟಿನಲ್ಲಿ ಕಾಕಾ 800 ಮರಿ ಬಿಟ್ಟಿದ್ದರು. ಗೆಂಡೆ ಜಾತಿಯ ಕಾಟ್ಲಾ, ರೋಹು, ಮೃಗಾಲ್ ಮೂರೂ ಕೂಡಿ. ಗಾಳಿ ಹಾಕುವ ಯಂತ್ರ ಇಲ್ಲದ ಇಂಥ ಹೊಂಡಕ್ಕೆ 400-450 ಸಾಕಿತ್ತು. ಆದರೆ ಮರಿ ಬಿಡುವ ದಿನ ಯಾರಿಗೂ ಕೈ ಬಿಗಿ ಇರುವುದಿಲ್ಲ. ತಿನಿಸು ದಾಲ್ ಮಿಲ್ಲಿನ ತೊಗರಿ ಚುನ್ನಿ (ಹೊಟ್ಟು, ನುಚ್ಚು), ಜತೆಗೆ ಶೇಂಗಾ ಹಿಂಡಿ, ದಿನಕ್ಕೆ ಹತ್ತಿರ ಹತ್ತಿರ 8 ಕೆ.ಜಿ. ತಿಂಗಳಿಗೊಮ್ಮೆ ಎರಡು ಬುಟ್ಟಿ ಸಗಣಿ. ಚುನ್ನಿ ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಹೊಟ್ಟಿನ ಪಾಲು ಹೆಚ್ಚು, ಮೀನು ಬಿಟ್ಟದ್ದು ತಳಕ್ಕೆ ಹೋಗಿ ಕೊಳೆಯುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಅದನ್ನು ಅರಗಿಸಿಕೊಳ್ಳಲು ಮಣ್ಣೂ ಇಲ್ಲ.

ಫೋಟೋ ಬರುವುದಕ್ಕೆ ಮೂರು ದಿನ ಮೊದಲು, ಭಾನುವಾರ, ಬಾಡಿಗೆ ಬಲೆ ತರಿಸಿ ಎಳೆದಿದ್ದರು. ದೊಡ್ಡವು ನೂರೈವತ್ತು ಸಂತೆಗೆ ಹೋದವು, ಸಣ್ಣವನ್ನು ವಾಪಸ್ ಬಿಟ್ಟರು. ಸುಮಾರು 600 ಉಳಿದವು. ಅದೇ ಬಲೆ ಅದರ ಹಿಂದಿನ ದಿನ ಪಕ್ಕದ ಊರಿನ ಇನ್ನೊಂದು ಹೊಂಡದಲ್ಲಿತ್ತು ಎಂಬುದು ಶನಿವಾರ ಮಾತಿಗೆ ಮಾತು ಬಂದಾಗ ತಿಳಿಯಿತು. ಒಣಗಿರಲೂ ಇಲ್ಲ, ಚೀಲದಲ್ಲಿ ಒದ್ದೆಯಾಗಿಯೇ ಬಂದಿತ್ತು.

ಶನಿವಾರ, ಬೆಳಗಿನ ಐದೂವರೆ

ಕಾಯಿಲೆಯ ಹೊಂಡವನ್ನು ಹೊತ್ತೇರಿದ ಮೇಲೆ ಹೋಗಿ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ರಾತ್ರಿಯಿಡೀ ಪಾಚಿಯೂ ಮೀನೂ ಕೊಳೆಯುವ ತಳವೂ ಆಮ್ಲಜನಕ ತಿಂದು, ಸೂರ್ಯ ಹುಟ್ಟುವ ಮುಂಚೆ ನೀರು ಬರಿದಾಗಿರುತ್ತದೆ. ಹಾಗಾಗಿ ಕತ್ತಲಲ್ಲೇ ಹೊರಟೆ. ದಂಡೆ ಹತ್ತಿ ಟಾರ್ಚ್ ಹಾಯಿಸಿದರೆ ಬೋರ್‌ವೆಲ್ ಪೈಪು ಬೀಳುವ ಮೂಲೆಯಲ್ಲಿ ಮೀನುಗಳೆಲ್ಲ ಒಂದರ ಮೇಲೊಂದು ಒತ್ತಿ ನಿಂತು ಬಾಯಿ ಮೇಲೆತ್ತಿ ಗುಟುಕಿಸುತ್ತಿದ್ದವು. ಪೈಪಿನಿಂದ ನೀರು ಬರುತ್ತಿರಲಿಲ್ಲ. ಮೋಟರ್ ಓಡುವಾಗ ಅಲ್ಲಿ ಉಸಿರು ಸಿಗುತ್ತದೆ ಎಂಬ ರೂಢಿಗೆ ಬಂದು ನಿಂತಿದ್ದವು.

ಆ ಮೂಲೆಯಲ್ಲಿ ಒಂದು ಶಹಾಬಾದ್ ಪರ್ಸಿ, ಅಂದರೆ ಹಾಸುಗಲ್ಲು, ಇತ್ತು. ಪೈಪಿನ ನೀರಿನ ರಭಸಕ್ಕೆ ಹಾಳೆ ಹರಿಯದಿರಲಿ ಎಂದು ಕಾಕಾ ಇಟ್ಟದ್ದು. ಇಟ್ಟಾಗ ಅದು ನೀರಿನ ಒಳಗಿತ್ತು, ಈಗ ನೀರು ಇಳಿದು ಅದರ ಒಡೆದ ಅಂಚು ಸರಿಯಾಗಿ ನೀರಿನ ಮಟ್ಟಕ್ಕೆ ಬಂದಿತ್ತು. ನೂಕುನುಗ್ಗಲಿನಲ್ಲಿ ಮೀನುಗಳ ಮೂತಿ ಹೋಗಿ ಆ ಅಂಚಿಗೆ ಉಜ್ಜುತ್ತಿತ್ತು. ಕೈಯಾಡಿಸಿದೆ. ಲೋಳೆ, ನಾಲ್ಕಾರು ಪೊರೆ.

ಆವತ್ತು ತೇಲಿದ 14 ಮೀನುಗಳಲ್ಲಿ 9 ಕಾಟ್ಲಾ, 4 ರೋಹು, 1 ಮೃಗಾಲ್. ಈ ಲೆಕ್ಕ ನನಗೆ ಔಷಧಿ ಅಂಗಡಿಯ ಯಾವ ಚೀಟಿಗಿಂತ ಹೆಚ್ಚು ಹೇಳಿತು. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲಿನ ನೀರಲ್ಲೇ ತಿನ್ನುತ್ತದೆ, ಗಾಳಿಗೆ ಬರುವಾಗಲೂ ಅದೇ ಮುಂದೆ. ಮೃಗಾಲ್ ತಳದ್ದು, ಬಾಯಿ ಕೆಳಮುಖ. ಬರಿಯ ಬಲೆಯ ಗಾಯವೇ ಕಾರಣವಾಗಿದ್ದರೆ ಮೂರೂ ಜಾತಿಗೆ ಹೆಚ್ಚುಕಮ್ಮಿ ಆಗಬೇಕಿತ್ತು. ಬಲೆ ಮೊದಲ ಗಾಯ ಮಾಡಿತು, ಆ ಗಾಯವನ್ನು ದಿನಾ ಬೆಳಿಗ್ಗೆ ಪರ್ಸಿ ಕೆದಕುತ್ತಿತ್ತು ಎಂಬುದು ನನ್ನ ತೀರ್ಮಾನ.

ಮೀಟರ್ ಇಳಿಸಿದೆ. ಬೆಳಗಿನ ಆಮ್ಲಜನಕ ಲೀಟರಿಗೆ 2.2 ಮಿ.ಗ್ರಾಂ. ಗೆಂಡೆ ಜಾತಿ ಇದರಲ್ಲಿ ಜೀವ ಹಿಡಿದಿರುತ್ತದೆ, ಬದುಕುವುದು ಅನ್ನಲಾಗದು. ನೀರಿನ ಉಷ್ಣತೆ ಬೆಳಿಗ್ಗೆ 27, ಮಧ್ಯಾಹ್ನ 31 ಡಿಗ್ರಿ. ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಬೆಳಿಗ್ಗೆ 8.1, ಮಧ್ಯಾಹ್ನ ಮೂರಕ್ಕೆ 9.0. ಒಟ್ಟು ಅಮೋನಿಯಾ 1 ಮಿ.ಗ್ರಾಂ. ಬೋರ್‌ವೆಲ್ ನೀರಿನ ಗಡಸುತನ 420 ಮಿ.ಗ್ರಾಂ. ಅದೇನು ಆಶ್ಚರ್ಯವಲ್ಲ. ನೆಲದಡಿಯೆಲ್ಲ ಸುಣ್ಣದ ಕಲ್ಲು, ಅದನ್ನೇ ಅಗೆದು ಸೇಡಂ, ವಾಡಿಯಲ್ಲಿ ಸಿಮೆಂಟು ಮಾಡುತ್ತಾರೆ.

ಇಲ್ಲಿ ನನ್ನ ಸುಣ್ಣದ ಸಲಹೆಗೆ ಬರಬೇಕು. ಮೀನಿಗೆ ಏನೇ ಬಂದರೂ ಮೊದಲು ಸುಣ್ಣ ಎನ್ನುವುದು ನಮ್ಮಲ್ಲಿ ಬಾಯಿಪಾಠ. ಹುಳಿ ಮಣ್ಣಿನ ಕೆರೆಗೆ, ಮಲೆನಾಡಿಗೆ, ಕರಾವಳಿಗೆ ಅದು ಸರಿ. ಸುಣ್ಣದ ಕಲ್ಲಿನ ಮೇಲೆ ಕೂತ ಹೊಂಡಕ್ಕೆ ಸುಣ್ಣ ಯಾಕೆ? 30 ಡಿಗ್ರಿ ನೀರಿನಲ್ಲಿ ಪಿಎಚ್ 8 ಇದ್ದಾಗ ಒಟ್ಟು ಅಮೋನಿಯಾದ ಶೇ 7ರಷ್ಟು ಮಾತ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 9 ಆದರೆ ಶೇ 45ರ ಹತ್ತಿರ. ಅಂದರೆ ಅದೇ ನೀರು, ಅದೇ ಅಮೋನಿಯಾ, ಮಧ್ಯಾಹ್ನಕ್ಕೆ ಆರು ಪಟ್ಟು ಉರಿ. ಹಸಿರುಗಟ್ಟಿದ ನೀರಿನಲ್ಲಿ ಪಾಚಿಯೇ ಹಗಲು ಪಿಎಚ್ ಏರಿಸುತ್ತಿತ್ತು, ಅದರ ಮೇಲೆ ನಾನು ಹತ್ತು ಕೆ.ಜಿ. ಸುಣ್ಣ ಸುರಿಸಿದ್ದೆ. ಸುಣ್ಣಕ್ಕೆ ಮುಂಚಿನ ಪಿಎಚ್ ಯಾರೂ ನೋಡಿರಲಿಲ್ಲವಾದ್ದರಿಂದ ನನ್ನ ಪಾಲು ಎಷ್ಟು, ಪಾಚಿಯದೆಷ್ಟು ಎಂದು ಬಿಡಿಸಿ ಹೇಳಲು ಬಾರದು. ಉಪ್ಪಿನದು ಬಿಡಿ. ನಾಲ್ಕೂವರೆ ಲಕ್ಷ ಲೀಟರಿಗೆ ಎರಡು ಕೆ.ಜಿ. ಉಪ್ಪು ಹಾಕುವುದೂ ಒಂದೇ, ಹೊಂಡಕ್ಕೆ ನಮಸ್ಕಾರ ಹಾಕಿ ಬರುವುದೂ ಒಂದೇ.

ಬೂಸ್ಟೋ, ಬ್ಯಾಕ್ಟೀರಿಯಾವೋ

ಸತ್ತ ಮೀನನ್ನು ನೋಡಿ ರೋಗ ಹೇಳಬಾರದು. ಸತ್ತು ಎರಡು ತಾಸಾದರೆ ಅದರ ಮೇಲೆ ಏನು ಬೇಕಾದರೂ ಬೆಳೆದಿರುತ್ತದೆ. ದಂಡೆಗೆ ಬಂದು ಮಂಕಾಗಿ ನಿಂತಿದ್ದ ಐದು ಮೀನು ಹಿಡಿದು ಒದ್ದೆ ಗೋಣಿಯ ಮೇಲೆ ಹಾಕಿದೆವು.

ಕಣ್ಣಿಗೆ ಕಂಡದ್ದು ಇಷ್ಟು. ತುಟಿಯ ಅಂಚು ಸವೆದಿದೆ. ಅದರ ಮೇಲೆ ಬೂದು ಬಿಳಿಯ ಮೆತ್ತೆ, ಬಿಸಿಲಿಗೆ ಹಿಡಿದರೆ ತುಸು ಹಳದಿ. ಮೆತ್ತೆಯ ಸುತ್ತ ಕೆಂಪು ಅಂಚು. ಬೆರಳಿನಲ್ಲಿ ಒತ್ತಿದರೆ ಲೋಳೆಯಂತೆ ಜಾರುತ್ತದೆ, ಎಳೆಯಾಗಿ ಎದ್ದು ಬರುವುದಿಲ್ಲ. ಎರಡು ಮೀನುಗಳ ಕಿವಿರಿನ ತುದಿ ಕಂದು ಬಿಳಿಯಾಗಿ ಕೊಳೆತಿತ್ತು. ಒಂದರ ಬೆನ್ನಿನ ಈಜುರೆಕ್ಕೆಯ ಬುಡದಲ್ಲಿ ಎರಡೂ ಮಗ್ಗುಲಿಗೆ ಇಳಿದ ಮಾಸಲು ಪಟ್ಟಿ, ಕುದುರೆಗೆ ಜೀನು ಹಾಕಿದಂತೆ. ಈ ಜೀನಿನ ಗುರುತು ಕಂಡಾಗಲೇ ಬೂಸ್ಟಿನ ಮಾತು ನನ್ನ ಮನಸ್ಸಿನಿಂದ ಮುಕ್ಕಾಲು ಹೋಗಿತ್ತು.

ಆದರೂ ಉಳಿದವನ್ನು ತೆಗೆದುಹಾಕದೆ ಮುಂದೆ ಹೋಗಬಾರದು, ಅದರಲ್ಲೂ ಒಮ್ಮೆ ಎಡವಿದ ಮೇಲೆ. ಟಾರ್ಚ್ ಹಿಡಿದು ಬಾಯೊಳಗೆ ನೋಡಿದೆ. ಲಂಗರು ಹುಳ ಕೆಲವೊಮ್ಮೆ ಬಾಯೊಳಗೂ ಕಚ್ಚಿಕೊಂಡಿರುತ್ತದೆ, ದಾರದ ತುಂಡಿನಂತೆ ಕಾಣುತ್ತದೆ. ಇರಲಿಲ್ಲ. ಒಂದು ರೋಹುವಿನ ರೆಕ್ಕೆಯ ಬುಡದಲ್ಲಿ ಎರಡು ಮೀನುಹೇನು ಸಿಕ್ಕವು, ಬಾಯಿಗೂ ಅವಕ್ಕೂ ಸಂಬಂಧವಿಲ್ಲ. ಮೈಮೇಲೆ ಆಳದ ಕೆಂಪು ಹುಣ್ಣುಗಳಿಲ್ಲ. 1988ರಿಂದ ನಮ್ಮ ದೇಶದ ಕೆರೆಗಳನ್ನು ಕಾಡಿದ ಹುಣ್ಣುರೋಗ ಚಳಿಗಾಲದ್ದು, ಅದು ಕೊರವ ಮೀನನ್ನು ಮೊದಲು ಹಿಡಿಯುತ್ತದೆ, ಮಾಂಸದವರೆಗೂ ಕೊರೆಯುತ್ತದೆ. ಇದು ಅದಲ್ಲ. ಬಾಯಿ ತೆರೆದೇ ನಿಂತ ಮೀನುಗಳೂ ಇದ್ದವು, ಆದರೆ ಅದು ಉಸಿರಿನ ತೊಂದರೆ. ಹತ್ತು ಗಂಟೆಯ ಬಿಸಿಲಿಗೆ ನೀರಲ್ಲಿ ಆಮ್ಲಜನಕ ಏರಿದಾಗ ಅವು ಬಾಯಿ ಮುಚ್ಚಿ ಕೆಳಗೆ ಹೋದವು. ಹುಣ್ಣಿನವು ಮಾತ್ರ ಹೋಗಲಿಲ್ಲ.

ಕೊನೆಗೆ ಸೂಕ್ಷ್ಮದರ್ಶಕ. ನನ್ನದು ಕಾಲೇಜು ಕಾಲದ ಹಳೆಯದು, ಕೆಳಗಿನ ಕನ್ನಡಿಯಲ್ಲಿ ಬಿಸಿಲು ಹಿಡಿಯಬೇಕು. ಮೋಟರ್ ಮನೆಯ ಕಟ್ಟೆಯ ಮೇಲೆ ಇಟ್ಟೆವು. ಜೀವಂತ ಮೀನಿನ ತುಟಿಯ ಮೆತ್ತೆಯ ಅಂಚನ್ನು ಬ್ಲೇಡಿನ ಬೆನ್ನಿನಿಂದ ಹಗುರಾಗಿ ಕೆರೆದು, ಗಾಜಿನ ಮೇಲೆ ಹೊಂಡದ್ದೇ ನೀರಿನ ಒಂದು ಹನಿಯಲ್ಲಿ ಹರಡಿ, ತೆಳು ಗಾಜು ಮುಚ್ಚಿ ಐದು ನಿಮಿಷ ಬಿಟ್ಟೆ. ನಲ್ಲಿ ನೀರು ಹಾಕಬಾರದು, ಕ್ಲೋರಿನ್ ಇದ್ದರೆ ನೋಡಬೇಕಾದದ್ದೇ ಸತ್ತುಹೋಗುತ್ತದೆ.

ಬೂಸ್ಟಾಗಿದ್ದರೆ ದಪ್ಪ ಎಳೆಗಳು ಕವಲೊಡೆದು ಹಬ್ಬಿರಬೇಕಿತ್ತು, ನಡುವೆ ಅಡ್ಡಗೋಡೆ ಇಲ್ಲದ ಕೊಳವೆಗಳ ಹಾಗೆ. ಕಂಡದ್ದು ಬೇರೆ. ಕೂದಲೆಳೆಗಿಂತ ಎಷ್ಟೋ ಸಪೂರದ ಉದ್ದುದ್ದ ಕಡ್ಡಿಗಳು, ಬಳುಕುತ್ತ ಜಾರುತ್ತ ಸಾವಿರಾರು. ಅಂಗಾಂಶದ ಚೂರಿನ ಅಂಚಿನಲ್ಲಿ ಅವು ಒಟ್ಟಾಗಿ ಗುಡ್ಡೆಗುಡ್ಡೆಯಾಗಿ ಏಳುತ್ತಿದ್ದವು. ಕಾಕಾ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ಕಣಿಕಿ ಬಣಿವಿ ಒಟ್ಟಿದಂಗ ಅದಲ್ರೀ" ಅಂದರು. ಮೀನು ರೋಗದ ಪುಸ್ತಕಗಳೂ ಇದನ್ನು ಹುಲ್ಲಿನ ಬಣವೆಗೇ ಹೋಲಿಸುತ್ತವೆ, ಅವರಿಗೆ ಅದು ಗೊತ್ತಿರಲಿಲ್ಲ ಅಷ್ಟೆ.

ಇದು ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನೇರ್. ಕಂಬದ ಹಾಗೆ ಗುಡ್ಡೆ ಕಟ್ಟುವುದರಿಂದಲೇ ಆ ಹೆಸರು. 1922ರಲ್ಲಿ ಡೇವಿಸ್ ಎಂಬ ವಿಜ್ಞಾನಿ ಅಮೆರಿಕದ ಮಿಸಿಸಿಪ್ಪಿ ನದಿಯ ಮೀನುಗಳಲ್ಲಿ ಮೊದಲು ವಿವರಿಸಿದ್ದು. ಸಿಹಿನೀರಿನಲ್ಲಿ ಎಲ್ಲೆಡೆ ಇರುತ್ತದೆ, ಗಾಯ ಸಿಕ್ಕರೆ ಹಿಡಿಯುತ್ತದೆ, 25 ಡಿಗ್ರಿ ದಾಟಿದ ಮೇಲೆ ಅದರ ಓಟ ಜೋರು. ಗಡಸು ನೀರಿನಲ್ಲಿ, ಕೊಳೆ ಹೆಚ್ಚಿದ್ದಲ್ಲಿ ಮೀನಿನ ಮೈಗೆ ಇನ್ನೂ ಚೆನ್ನಾಗಿ ಅಂಟುತ್ತದೆ. ಈ ಹೊಂಡದಲ್ಲಿ ಅದಕ್ಕೆ ಬೇಕಾದದ್ದೆಲ್ಲ ಇತ್ತು. ಬಾಯಿಯ ಬೂಸ್ಟು ತಣ್ಣೀರಿನದು. ಬೀದರಿನ ಡಿಸೆಂಬರ್ ಚಳಿಯಲ್ಲಿ ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬುಧವಾರ ಬಸ್ಸಿನಲ್ಲಿ ನಿಂತು "ನೀರು ಎಷ್ಟು ಬಿಸಿ ಅದ ಕಾಕಾ?" ಎಂದೊಂದು ಮಾತು ಕೇಳಿದ್ದರೆ ಮಾರ್ಚ್ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಬೂಸ್ಟು ಅನ್ನಲು ಬಾಯಿ ಬರುತ್ತಿರಲಿಲ್ಲ.

ಪ್ರಯೋಗಾಲಯಕ್ಕೆ ಕಳಿಸಿ ಬೆಳೆಸಿ ನೋಡಲಿಲ್ಲ. ಹಾಗಾಗಿ ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಲಕ್ಷಣ ಮತ್ತು ಸೂಕ್ಷ್ಮದರ್ಶಕದ ಮೇಲಿನ ನಿರ್ಣಯ. ಚಿಕಿತ್ಸೆ ಆರಿಸುವಾಗ ಇದು ನೆನಪಿನಲ್ಲಿತ್ತು.

ಏನು ಹಾಕಲಿಲ್ಲ, ಯಾಕೆ

ಕಾಕಾ ಎರಡು ಪೊಟ್ಟಣ ತಂದಿಟ್ಟುಕೊಂಡಿದ್ದರು. ಒಂದು ಹಸಿರು ಪುಡಿ, ಮೆಲಕೈಟ್ ಗ್ರೀನ್. ಪೇಟೆಯ ಯಾವುದೋ ಅಂಗಡಿಯಲ್ಲಿ "ಬಾಯಿ ಬೂಸ್ಟಿಗಿ ಇದೇ ಬೆಸ್ಟ್" ಅಂದಿದ್ದರಂತೆ. ತಿನ್ನುವ ಮೀನಿಗೆ ಅದನ್ನು ಹಾಕುವಂತಿಲ್ಲ, ಮಾಂಸದಲ್ಲಿ ಬಹುಕಾಲ ಉಳಿಯುತ್ತದೆ. ಅದನ್ನು ಹಾಗೇ ವಾಪಸ್ ಕಳಿಸಿದೆವು. ಇನ್ನೊಂದು ದನಕ್ಕೆ ಕೊಡುವ ಟೆರಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಪುಡಿ. ಇದರ ಬಗ್ಗೆ ಸ್ವಲ್ಪ ವಾದವೇ ನಡೆಯಿತು.

"ಇದರ ತಿನಿಸಿನಾಗ ಕಲಸಿ ಹಾಕಮೇನ್ರಿ?"

"ಬಾಯಿಗಿ ಹುಣ್ಣಾದ ಮೀನು ತಿಂತದೇನ್ ಕಾಕಾ?"

ಅವರು ಸುಮ್ಮನಾದರು. ಬಾಯಿ ರೋಗದ ದೊಡ್ಡ ತೊಡಕೇ ಇದು. ಔಷಧಿಯ ತಿನಿಸನ್ನು ತಿನ್ನುವುದು ಆರೋಗ್ಯವಾಗಿರುವ ಮೀನು, ರೋಗಿ ಉಪವಾಸ. ರೋಗ ಶುರುವಾದ ಮೊದಲ ಒಂದೆರಡು ದಿನ, ಇನ್ನೂ ತಿನ್ನುತ್ತಿರುವಾಗ, ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತದೆ ಎಂಬ ಸೂಕ್ಷ್ಮತೆ ಪರೀಕ್ಷೆ ಮಾಡಿಸಿ ಕೊಟ್ಟರೆ ಅರ್ಥವಿದೆ. ನಮಗೆ ಆ ಪರೀಕ್ಷೆ ಇರಲಿಲ್ಲ, ಮೂರೇ ವಾರದಲ್ಲಿ ಮೀನು ಮಾರಬೇಕಿತ್ತು, ಔಷಧಿಯ ಅಂಶ ಇಳಿಯಲು ದಿನ ಬಿಡಬೇಕಿತ್ತು. ಬೇಡ ಅಂದೆ. ಇದಕ್ಕೆ ಒಪ್ಪದ ತಜ್ಞರು ಇರಬಹುದು, ಕಿವಿರಿನ ಕೊಳೆತ ಇನ್ನೂ ಹೆಚ್ಚಿದ್ದರೆ ನಾನೂ ಬೇರೆ ಯೋಚಿಸುತ್ತಿದ್ದೆನೇನೋ.

ಉಪ್ಪು ಈ ಬ್ಯಾಕ್ಟೀರಿಯಾವನ್ನು ಹತ್ತಿಕ್ಕುತ್ತದೆ ನಿಜ. ಆದರೆ ಹೊಂಡಕ್ಕೆಲ್ಲ ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಹಾಕಿದರೂ 456 ಕೆ.ಜಿ. ಬೇಕು, ಆಮೇಲೆ ಆ ನೀರು ಹೊಲಕ್ಕೆ ಬರುವುದಿಲ್ಲ. ಎರೆ ಭೂಮಿಗೆ ಉಪ್ಪುನೀರು ಬಿಟ್ಟರೆ ಮೀನಿನ ರೋಗ ವಾಸಿಯಾಗುವಷ್ಟರಲ್ಲಿ ಹೊಲಕ್ಕೆ ರೋಗ. ಮನೆಯ ತೊಟ್ಟಿಯಲ್ಲಿ ನಾಲ್ಕು ಬಣ್ಣದ ಕೋಯಿ ಮೀನು ಸಾಕಿದವರಾದರೆ ಒಂದೊಂದನ್ನೇ ಹಿಡಿದು ಹುಣ್ಣಿಗೆ ಅಯೋಡಿನ್ ಸವರಬಹುದು. 600 ಗೆಂಡೆ ಮೀನಿಗೆ ಅದು ಆಗುವ ಮಾತಲ್ಲ, ಹಿಡಿಯುವುದೇ ಇನ್ನೊಂದು ಗಾಯ.

ಮಾಡಿದ್ದು

ಮೊದಲು ಪರ್ಸಿ ಎತ್ತಿಸಿದೆವು. ಪೈಪಿನ ತುದಿಗೆ ತೂತು ಕೊರೆದು ಬಿದಿರಿಗೆ ಕಟ್ಟಿ, ನೀರಿನಿಂದ ಮೂರಡಿ ಮೇಲೆ ನಿಲ್ಲಿಸಿದೆವು. ಬೋರ್‌ವೆಲ್ ನೀರಲ್ಲಿ ಆಮ್ಲಜನಕ ಬಹಳ ಕಡಿಮೆ, ನೇರ ಸುರಿದರೆ ಉಪಕಾರಕ್ಕಿಂತ ಅಪಕಾರ. ತೂತಿನಿಂದ ಚಿಮ್ಮಿ ಗಾಳಿಯಲ್ಲಿ ಬಿದ್ದರೆ ಸರಿಯಾಗುತ್ತದೆ. ಪಕ್ಕದ ಹೊಲದವರ ಡೀಸೆಲ್ ಎಂಜಿನ್ ಕೇಳಿ ತಂದು, ಬೆಳಗಿನ ಮೂರರಿಂದ ಏಳರವರೆಗೆ ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಚಿಮ್ಮಿಸಿದೆವು.

ತಿನಿಸು ನಾಲ್ಕು ದಿನ ಪೂರ್ತಿ ಬಂದ್. "ಉಪಾಸ ಕೆಡವಿದ್ರ ತೂಕ ಇಳೀತದಲ್ರಿ" ಎಂದು ಕಾಕಾ ಪೇಚಾಡಿದರು. ಗೆಂಡೆ ನಾಲ್ಕು ದಿನದ ಉಪವಾಸಕ್ಕೆ ಏನೂ ಆಗುವುದಿಲ್ಲ, ತಿನ್ನದೆ ಉಳಿದ ಚುನ್ನಿಯಿಂದ ಆಗುವ ನಷ್ಟ ದೊಡ್ಡದು.

ಆಮೇಲೆ ನೀರು. ಇಲ್ಲಿ ಒಂದು ಲೆಕ್ಕ ಹಾಕಲೇಬೇಕು, ಯಾಕೆಂದರೆ ಇಳಿಜಾರು ದಂಡೆಯ ಹೊಂಡವನ್ನು ಜನ ಉದ್ದ, ಅಗಲ, ಆಳ ಗುಣಿಸಿ ಔಷಧಿಯನ್ನು ಎರಡರಷ್ಟು ಹಾಕಿಬಿಡುತ್ತಾರೆ. ತಳ 12 ಮೀಟರ್, ನೀರು 2 ಮೀಟರ್ ನಿಂತಾಗ ಮೇಲ್ಮೈ 18 ಮೀಟರ್. 12ರ ವರ್ಗ 144, 18ರ ವರ್ಗ 324, 12 ಮತ್ತು 18ರ ಗುಣಲಬ್ಧ 216, ಕೂಡಿದರೆ 684. ಅದನ್ನು ಆಳ 2ರಿಂದ ಗುಣಿಸಿ 3ರಿಂದ ಭಾಗಿಸಿದರೆ 456 ಘನ ಮೀಟರ್, ಅಂದರೆ 4 ಲಕ್ಷ 56 ಸಾವಿರ ಲೀಟರ್. 21, 21 ಮತ್ತು 2 ಗುಣಿಸಿದ್ದರೆ 882 ಬರುತ್ತಿತ್ತು, ಆ ಲೆಕ್ಕಕ್ಕೆ ಔಷಧಿ ಹಾಕಿದ್ದರೆ ರೋಗವೂ ಇಲ್ಲ ಮೀನೂ ಇಲ್ಲ.

ತಳದ ನೀರನ್ನು 60 ಸೆಂ.ಮೀ.ನಷ್ಟು ಎತ್ತಿ ಬದನೆಗೂ ಮೇವಿನ ಜೋಳಕ್ಕೂ ಬಿಟ್ಟೆವು. ಸುಮಾರು 1 ಲಕ್ಷ 76 ಸಾವಿರ ಲೀಟರ್. ಮತ್ತೆ ತುಂಬಲು ಮೂರು ದಿನ ಹಿಡಿಯಿತು, ಬೋರ್ ತಾಸಿಗೆ 8 ಸಾವಿರ ಲೀಟರ್ ಕೊಡುತ್ತದೆ, ಮೂರು ಫೇಸ್ ಕರೆಂಟು ದಿನಕ್ಕೆ ಏಳೇ ತಾಸು. ಈ ಮೂರು ದಿನ ಔಷಧಿ ಹಾಕದೆ ಕಾಯುವುದು ಕಾಕಾಗೆ ಬಹಳ ಕಷ್ಟವಾಯಿತು. ದಿನಾ ಹತ್ತರ ಆಸುಪಾಸು ಸಾಯುತ್ತಿರುವಾಗ ಸುಮ್ಮನೆ ನೀರು ಬದಲಿಸುವವನು ಡಾಕ್ಟರ್ ಅನ್ನಿಸುವುದಿಲ್ಲ.

ಕಾದದ್ದಕ್ಕೆ ಕಾರಣ ಲಾಲ್ ದವಾ, ಅಂದರೆ ಪೊಟ್ಯಾಶಿಯಂ ಪರ್ಮಾಂಗನೇಟ್. ಅದು ಬ್ಯಾಕ್ಟೀರಿಯಾವನ್ನು ಸುಡುತ್ತದೆ, ಆದರೆ ನೀರಿನ ಕೊಳೆಯನ್ನು ಮೊದಲು ಸುಡುತ್ತದೆ. ಕೊಳೆ ಎಷ್ಟು ಕುಡಿಯುತ್ತದೆ ಎಂದು ಅಳೆಯದೆ ಹಾಕಿದರೆ ಒಂದೋ ಸಾಲದು, ಇಲ್ಲವೇ ಕಿವಿರು ಸುಡುತ್ತದೆ. ಅಳೆಯುವುದು ಸುಲಭ. ಒಂದು ಲೀಟರ್ ಶುದ್ಧ ನೀರಿಗೆ 1 ಗ್ರಾಂ ಹರಳು ಕರಗಿಸಿ ಇಟ್ಟುಕೊಳ್ಳಬೇಕು. ಸಾಲಾಗಿ ಲೀಟರ್ ಬಾಟಲಿಗಳಲ್ಲಿ ಹೊಂಡದ ನೀರು ತುಂಬಿ, ಸಿರಿಂಜಿನಿಂದ ಒಂದಕ್ಕೆ 1 ಮಿ.ಲೀ., ಇನ್ನೊಂದಕ್ಕೆ 2, ಹೀಗೆ. 15 ನಿಮಿಷದ ಮೇಲೂ ಗುಲಾಬಿ ಬಣ್ಣ ಉಳಿಸಿಕೊಂಡ ಬಾಟಲಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಹಾಕಿದ್ದು ಯಾವುದೋ ಅದರ ಎರಡೂವರೆ ಪಟ್ಟು ಹೊಂಡದ ಪ್ರಮಾಣ. ಶನಿವಾರ ಆ ಬಾಟಲಿ 3 ಮಿ.ಗ್ರಾಂನದು. ಅಂದರೆ ಲೀಟರಿಗೆ 7.5 ಮಿ.ಗ್ರಾಂ ಹಾಕಬೇಕು. ಗಡಸು, ಹೆಚ್ಚು ಪಿಎಚ್ ನೀರಿನಲ್ಲಿ ಅಷ್ಟು ಹಾಕಿದರೆ ಮ್ಯಾಂಗನೀಸ್ ಕಂದು ಗಸಿಯಾಗಿ ಕಿವಿರಿನ ಮೇಲೆ ಕೂರುವ ಭಯ, ಅದೂ ಆಗಲೇ ಕೊಳೆತ ಕಿವಿರು. ನೀರು ಬದಲಾದ ಮೇಲೆ ಮಂಗಳವಾರ ಮತ್ತೆ ನೋಡಿದಾಗ 1ರ ಬಾಟಲಿ ಬಣ್ಣ ಕಳೆದುಕೊಂಡಿತು, ಒಂದೂವರೆಯದು ತಿಳಿ ಗುಲಾಬಿಯಾಗಿ ಉಳಿಯಿತು. ಒಂದೂವರೆಗೆ ಎರಡೂವರೆ ಪಟ್ಟು 3.75. ಹೊಂಡಕ್ಕೆ 1 ಕೆ.ಜಿ. 700 ಗ್ರಾಂ.

ಆ ಮಂಗಳವಾರವೇ ಒಂಬತ್ತು ಗಂಟೆಗೆ, ಆಮ್ಲಜನಕ ಏರತೊಡಗಿದ ಮೇಲೆ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಪೂರ್ತಿ ಕರಗಿಸಿ ನಾಲ್ಕೂ ದಂಡೆಯಿಂದ ಮಗ್ಗಿನಲ್ಲಿ ಎರಚಿದೆವು. ಕರಗದ ಹರಳು ತಳಕ್ಕೆ ಹೋದರೆ ಮೃಗಾಲ್ ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ಹೊಸ ಬಾಯಿಹುಣ್ಣು. ಎಂಜಿನ್ ಓಡುತ್ತಲೇ ಇತ್ತು. ಮೀನು ಒದ್ದಾಡಿದರೆ ಔಷಧಿಯ ಬಲ ಮುರಿಯಲು ಸೋಡಿಯಂ ಥಯೋಸಲ್ಫೇಟ್ ಪೊಟ್ಟಣ ಪಕ್ಕದಲ್ಲೇ ಇತ್ತು, ಬೇಕಾಗಲಿಲ್ಲ. ಹೊಂಡ ಮೊದಲು ನೇರಳೆ, ಮಧ್ಯಾಹ್ನ ಗುಲಾಬಿ, ಸಂಜೆ ಆರಕ್ಕೆ ಡಿಕಾಕ್ಷನ್ ಚಹಾದ ಬಣ್ಣ. ಎಂಟು ತಾಸಾದರೂ ಬಣ್ಣ ನಿಲ್ಲಬೇಕು, ಒಂಬತ್ತು ತಾಸು ನಿಂತಿತು.

ಶನಿವಾರದಿಂದ ಮಂಗಳವಾರದವರೆಗೆ ದಂಡೆಗೆ ಬಂದು ಕೈಗೆ ಸಿಕ್ಕ 25 ಮೀನುಗಳನ್ನು ಮಾತ್ರ ಉಪ್ಪಿನ ನೀರಲ್ಲಿ ಅದ್ದಿದ್ದೆವು. 50 ಲೀಟರ್ ಟಬ್ಬಿಗೆ 1 ಕೆ.ಜಿ., ಮೂರು ನಿಮಿಷ, ಮಗ್ಗುಲಾದ ಕೂಡಲೇ ಹೊರಗೆ. ಅವನ್ನು ಹಾಪಾದೊಳಗೆ, ಅಂದರೆ ನೀರಲ್ಲಿ ಕಟ್ಟಿದ ಬಲೆಯ ಗೂಡಿನೊಳಗೆ, ಬೇರೆ ಇಟ್ಟೆವು. ಅದರಲ್ಲಿ 16 ಉಳಿದವು.

ಸಾವಿನ ಲೆಕ್ಕ ಕಾಕಾ ಮೋಟರ್ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟಿದ್ದರು. ಬುಧವಾರದಿಂದ 2, 4, 11, 14, 13, 9, ಲಾಲ್ ದವಾ ಹಾಕಿದ ದಿನ 6, ಆಮೇಲೆ 5, 2, 1. ಹನ್ನೊಂದನೆಯ ದಿನ ಸೊನ್ನೆ. ಒಟ್ಟು 67. ಈ ಸಾಲನ್ನು ಸರಿಯಾಗಿ ಓದಿದರೆ ಸಾವು ಇಳಿಯತೊಡಗಿದ್ದು ಔಷಧಿಗೆ ಮುಂಚೆಯೇ, ಗಾಳಿ ಮತ್ತು ನೀರಿನಿಂದ. ಊರಿನಲ್ಲಿ ಮಾತ್ರ ಲಾಲ್ ದವಾದ ಹೆಸರೇ ಓಡಿತು. ಬಣ್ಣ ಕಣ್ಣಿಗೆ ಕಾಣುತ್ತದಲ್ಲ. ಉಳಿದ ಅರ್ಧ ಚೀಲ ಸುಣ್ಣಕ್ಕೂ ಕೆಲಸ ಸಿಕ್ಕಿತು, ಸತ್ತ ಮೀನು ಹೂಳುವ ಗುಂಡಿಯಲ್ಲಿ.

ಆಮೇಲೆ

ಐದನೆಯ ದಿನದಿಂದ ತಿನಿಸು ಶುರು, ಮೊದಲಿನ ಕಾಲು ಭಾಗ. ಒಣ ಚುನ್ನಿ ಹುಣ್ಣಿಗೆ ಚುಚ್ಚುತ್ತದೆ ಎಂದು ಹಿಂಡಿಯ ಜತೆ ರಾತ್ರಿ ನೆನೆಸಿ ಮುದ್ದೆ ಮಾಡಿ ತಟ್ಟೆಯಲ್ಲಿಟ್ಟು ಇಳಿಬಿಟ್ಟೆವು. ಎರಡು ತಾಸಿಗೆ ತಟ್ಟೆ ಎತ್ತಿ ನೋಡಿ ಉಳಿದದ್ದನ್ನು ಎಮ್ಮೆಗೆ ಹಾಕುವುದು. ಇದನ್ನು ಕಾಕಿ ವಹಿಸಿಕೊಂಡರು, ಹಾಗಾಗಿ ಸರಿಯಾಗಿ ನಡೆಯಿತು. ಬೆಳಗಿನ ಆಮ್ಲಜನಕ ಆ ವಾರದ ಕೊನೆಗೆ 4ರ ಮೇಲೆ ಬಂತು.

ಏಪ್ರಿಲ್ ನಡುವಿನಲ್ಲಿ ಬೋರ್ ನೀರು ಇಳಿಯತೊಡಗಿದ್ದರಿಂದ ಎಲ್ಲ ಮೀನನ್ನೂ ತೆಗೆಯುವುದೆಂದಾಯಿತು. 521 ಸಿಕ್ಕವು. ಕಾಟ್ಲಾಗಳಲ್ಲಿ ಮೂವತ್ತರಷ್ಟಕ್ಕೆ ಹುಣ್ಣು ಮಾಯ್ದು ಮೇಲ್ದುಟಿ ಮೊಟಕಾಗಿ, ಸೀಳಿದಂತೆ ಉಳಿದಿತ್ತು. ಅವು ಜತೆಯವಕ್ಕಿಂತ ನೂರು ಗ್ರಾಂ ಕಡಿಮೆ ತೂಗಿದವು. ಕೊಳೆತ ದವಡೆ ಮತ್ತೆ ಬೆಳೆಯುವುದಿಲ್ಲ, ಅಂಥ ಮೀನನ್ನು ಇನ್ನೊಂದು ವರ್ಷ ಸಾಕುವುದು ತಿನಿಸು ದಂಡ.

ಆ ದಿನ ನನ್ನನ್ನು ಕರೆದಿರಲಿಲ್ಲ, ಸೇಡಂಗೆ ಬೇರೆ ಕೆಲಸಕ್ಕೆ ಹೋದವನು ಹಾಗೇ ಹೋದೆ. ಹೋದಾಗ ಮಧ್ಯಾಹ್ನವಾಗಿತ್ತು, ಮೀನು ಇನ್ನೂ ಹೊಂಡದಲ್ಲೇ ಇದ್ದವು. ಬಲೆಯವರು ಬೇವಿನ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದರು. ಅವರ ಬಲೆ ತೊಗರಿ ಕಟ್ಟಿಗೆಯ ರಾಶಿಯ ಮೇಲೆ ಬಿಸಿಲಿಗೆ ಹರಡಿಕೊಂಡಿತ್ತು. ಬೆಳಿಗ್ಗೆ ಒದ್ದೆ ಬಲೆ ತಂದಿದ್ದಕ್ಕೆ ಒಣಗುವ ತನಕ ನೀರಿಗೆ ಇಳಿಸಬೇಡಿ ಎಂದು ಕಾಕಾ ಹಟ ಹಿಡಿದಿದ್ದರಂತೆ. ಅರ್ಧ ದಿನದ ಕೂಲಿ ಹೋಯಿತೆಂದು ಅವರು ನನ್ನ ಮುಂದೆಯೂ ಗೊಣಗಿದರು. ಸಂಜೆ ಲೆಕ್ಕ ಮುಗಿಸುವಾಗ ಆ ಅರ್ಧ ದಿನದ್ದನ್ನೂ ಕಾಕಾ ಎಣಿಸಿ ಕೊಟ್ಟರು.